ಸಮುದ್ರ ಕಾಣಬೇಕು, ಅಡುಗೆಮನೆ ಕಾಣಬಾರದು

ಗಂಡಸಿನ ಜಾಣತನವನ್ನು ಅಳೆಯಬೇಕೆಂದರೆ ಅವನ ಕೈಗೆ ಒಂದು ರಜೆಯನ್ನು ಕೊಟ್ಟು, 'ಎಲ್ಲಿ ಇಳಿದುಕೊಳ್ಳೋಣ, ನೀವೇ ನೋಡಿ' ಎಂದು ಹೇಳಿಬಿಡಬೇಕು. ಊರು ಆರಿಸುವುದು ಸುಲಭ. ಚೆನ್ನಾಗಿಲ್ಲದಿದ್ದರೆ ಊರನ್ನೇ ಬೈಯಬಹುದು. ವಿಮಾನ ತಡವಾದರೆ ವಿಮಾನದವರನ್ನು ಬೈಯಬಹುದು. ಇಳಿದುಕೊಂಡ ಜಾಗ ಚೆನ್ನಾಗಿಲ್ಲದಿದ್ದರೆ ಮಾತ್ರ ಬೈಸಿಕೊಳ್ಳಲು ಒಬ್ಬನೇ ಇರುತ್ತಾನೆ, ಅವನೂ ಅದೇ ಕೋಣೆಯಲ್ಲಿ ಬೇರೆಲ್ಲೂ ಹೋಗಲಾರದೆ ಕೂತಿರುತ್ತಾನೆ. ಈ ಸಲದ ಈದ್ ರಜೆಯಲ್ಲಿ ಹಾಗೆ ಸಿಕ್ಕಿಬಿದ್ದವನು ನಾನು. ಕೇಳಿ ನಗುವುದಾದರೆ ನಗಿ. ನಮ್ಮ ಮನೆಯಲ್ಲಿ ಎಲ್ಲರೂ ಆಗಲೇ ನಕ್ಕು ಮುಗಿಸಿದ್ದಾರೆ.

ಇದರಲ್ಲಿ ವಿಪರ್ಯಾಸವೇನೆಂದರೆ, ಆರಿಸುವುದೇ ನನ್ನ ಹೊಟ್ಟೆಪಾಡು. ಮಸ್ಕತ್ತಿನ ಅಲ್ ಖುವೈರ್‌ನಲ್ಲಿರುವ ಒಂದು ಕಂಪನಿಯಲ್ಲಿ ನಾನು ಖರೀದಿ ವಿಭಾಗದವನು. ಪಂಪು, ಪೈಪು, ವಾಲ್ವು, ಕೊನೆಗೆ ಮೀಟಿಂಗಿನಲ್ಲಿ ಮ್ಯಾನೇಜರು ಮೂಗು ಒರೆಸಿಕೊಳ್ಳುವ ಟಿಶ್ಯೂ ಪೆಟ್ಟಿಗೆಯವರೆಗೆ ಎಲ್ಲವೂ ನನ್ನ ಕೈಯಿಂದಲೇ ಹಾದುಹೋಗಬೇಕು. ಮೂರು ಕೊಟೇಶನ್ ಇಲ್ಲದೆ ನಾನು ಒಂದು ಗುಂಡುಪಿನ್ನನ್ನೂ ಕೊಂಡವನಲ್ಲ. ನಾನು ಆರಿಸಿದ ಪಂಪು ಮರುಭೂಮಿಯಂಚಿನ ಇಬ್ರಿ ಊರಿನ ಕಡೆ ಸುಡುವ ಬಿಸಿಲಿನಲ್ಲಿ ನಿಂತು ಇಂದಿಗೂ ನೀರೆತ್ತುತ್ತಿದೆ ಎಂಬ ಹೆಮ್ಮೆ ನನಗಿದೆ. ಇಷ್ಟು ವರ್ಷ ಹೀಗೆ ಬದುಕಿದವನಿಗೆ ಅಭ್ಯಾಸ ಮನೆಗೂ ಅಂಟಿಕೊಳ್ಳುತ್ತದೆ. ಅಂಗಡಿಯಲ್ಲಿ ಬದನೆಕಾಯಿ ಎದುರಿಗಿದ್ದರೂ ಇನ್ನೆರಡು ಅಂಗಡಿಯ ಬದನೆಕಾಯಿ ನೋಡದೆ ನನಗೆ ಕೈ ಚಾಚಲಾಗುವುದಿಲ್ಲ. 'ಪುಣ್ಯಕ್ಕೆ ನಿಮ್ಮ ಮದುವೆ ನಿಮ್ಮಮ್ಮ ಮಾಡಿದ್ರು. ನಿಮಗೆ ಬಿಟ್ಟಿದ್ರೆ ನನ್ನ ಜೊತೆ ಇನ್ನಿಬ್ಬರನ್ನು ಕೂರಿಸಿ ಉಪ್ಪಿಟ್ಟು ಮಾಡಿಸಿ ನೋಡ್ತಿದ್ರಿ' ಎಂದು ಹೆಂಡತಿ ಸುಧಾ ಆಗಾಗ ಹೇಳುತ್ತಿರುತ್ತಾಳೆ.

ರಜೆಗೆ ಮೆಡಿಟರೇನಿಯನ್ ಸಮುದ್ರದ ನಡುವೆ ಇರುವ ಮಾಲ್ಟಾ ದ್ವೀಪಕ್ಕೆ ಹೋಗೋಣ ಎಂದು ಹೇಳಿದ್ದು ಮಗಳು ನಿಧಿ. ಅವಳದು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ವಯಸ್ಸು. ಅವಳ ಫೋನಿನಲ್ಲಿ ಯಾರೋ ಅಲ್ಲಿನ ಬಂಡೆಯ ಮೇಲಿಂದ ನೀಲಿ ನೀರಿಗೆ ಹಾರಿದ್ದರಂತೆ. ಅಷ್ಟು ಸಾಕಾಯಿತು. ಆಶ್ಚರ್ಯವೆಂದರೆ ಸುಧಾ ಕೂಡ ಒಪ್ಪಿದಳು. ಮನೆಯಲ್ಲಿ ಟ್ಯೂಷನ್ನಿಗೆ ಬರುವ ಮಕ್ಕಳಿಗೆ ಗಣಿತ ಹೇಳಿಕೊಡುವ ಅವಳು ಪ್ರಮೇಯ ಬರೆಸುವ ಧಾಟಿಯಲ್ಲಿಯೇ ತನ್ನ ಷರತ್ತನ್ನೂ ಹೇಳಿದಳು. 'ಜಾಗ ನೀವೇ ಆರಿಸಿ, ನಾನು ತಲೆ ಹಾಕಲ್ಲ. ಬೆಳಗ್ಗೆ ಎದ್ದು ಕಿಟಕಿ ತೆಗೆದರೆ ಸಮುದ್ರ ಕಾಣಬೇಕು. ಅಡುಗೆಮನೆ ಕಾಣಬಾರದು. ಅಷ್ಟೇ.'

ಈ ಷರತ್ತಿನ ಹಿಂದೆ ಸಲಾಲಾ ಇದೆ. ಒಮಾನಿನಲ್ಲಿರುವ ನಮ್ಮಂಥವರಿಗೆ ಸಲಾಲಾ ಎಂದರೆ ಬೇಸಿಗೆಯ ತೀರ್ಥಕ್ಷೇತ್ರ. ನಾಡೆಲ್ಲ ಬಾಣಲೆಯಂತೆ ಕಾದಿರುವಾಗ ದಕ್ಷಿಣದ ಆ ಒಂದು ಮೂಲೆಯಲ್ಲಿ ಮಾತ್ರ ಜಿಟಿಜಿಟಿ ಮಳೆ ಹನಿಯುತ್ತದೆ, ಬೆಟ್ಟವೆಲ್ಲ ಹಸಿರಾಗಿ ಮಂಜು ಮುಸುಕುತ್ತದೆ. ಇಡೀ ದಿನ ಮರುಭೂಮಿಯಲ್ಲಿ ಕಾರು ಓಡಿಸಿಕೊಂಡು ಹೋಗುವುದು, ಅಡುಗೆಮನೆ ಇರುವ ಫ್ಲ್ಯಾಟು ಹಿಡಿಯುವುದು, ಕುಕ್ಕರು, ಅಕ್ಕಿ, ಹುಳಿಪುಡಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಕರಿಬೇವು ಎಲ್ಲವನ್ನೂ ಡಿಕ್ಕಿಯಲ್ಲಿ ಒಯ್ಯುವುದು ಇಲ್ಲಿನ ಪದ್ಧತಿ. ನಾವೂ ಒಯ್ದೆವು. ನಾನು ಬಾಲ್ಕನಿಯಲ್ಲಿ ನಿಂತು, 'ಸುಧಾ, ಬಾ ಬೇಗ, ಮಂಜು ನೋಡು!' ಎಂದು ಕೂಗಿದರೆ ಒಳಗಿನಿಂದ, 'ಇಲ್ಲೂ ಅದೇ ಇದೆ, ಕುಕ್ಕರ್ ಈಗ ತಾನೆ ಕೂಗ್ತು' ಎಂದು ಉತ್ತರ ಬರುತ್ತಿತ್ತು. ವಾಪಸು ಬಂದ ಮೇಲೆ ಯಾರೋ ಅವಳನ್ನು, ಸಲಾಲಾ ಹೇಗಿತ್ತು ಎಂದು ಕೇಳಿದರು. 'ಒಲೆ ಚೆನ್ನಾಗಿತ್ತು' ಎಂದಳು. ನಾನು ಅದನ್ನು ಹಾಸ್ಯವೆಂದುಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕಿದ್ದೆ.

ಅವಳ ಷರತ್ತು ಸರಿಯೇ. ಆದರೆ ನನಗೂ ಒಂದು ಹೊಟ್ಟೆ ಇದೆ. ನಾನು ಎಲ್ಲಿಗೆ ಹೋದರೂ ಎರಡನೇ ದಿನದ ಸಂಜೆಯ ಹೊತ್ತಿಗೆ ಅದು ಸಾರು ಅನ್ನವನ್ನು ನೆನೆಯತೊಡಗುತ್ತದೆ. ಮೂರನೇ ದಿನ ಮುಖ ಸಣ್ಣಗಾಗುತ್ತದೆ. ನಾಲ್ಕನೇ ದಿನ ನಾನು ಆ ದೇಶದ ಇತಿಹಾಸ, ರಾಜಕೀಯ, ರಸ್ತೆ ಎಲ್ಲವನ್ನೂ ಹಳಿಯಲು ಶುರುಮಾಡುತ್ತೇನೆ. ಕಾರಣ ಬರಿಯ ಬ್ರೆಡ್ಡು ಎಂದು ಮನೆಯವರಿಗೆಲ್ಲ ಗೊತ್ತು. ಅಡುಗೆಮನೆಯೇ ಇಲ್ಲದ ಹೋಟೆಲಿನಲ್ಲಿ ಒಂದು ವಾರ ಎಂಬುದನ್ನು ನೆನೆದರೇ ನನ್ನ ನಾಲಿಗೆ ಒಣಗುತ್ತಿತ್ತು. ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದೆ, ಆಫೀಸಿನಲ್ಲಿ ಮಾಡುವಂತೆ ಮೂರು ಕೊಟೇಶನ್ ತರಿಸೋಣ, ನ್ಯಾಯವಾಗಿ ಗೆದ್ದದ್ದು ಗೆಲ್ಲಲಿ ಎಂದುಕೊಂಡೆ. ನ್ಯಾಯದ ತಕ್ಕಡಿ ಯಾರ ಕೈಯಲ್ಲಿತ್ತು ಎಂದು ನೀವು ಕೇಳಬಾರದು.

ಟೆಂಡರಿಗೆ ಬಂದ ಕಂಪನಿಗಳಿಗೆ ಕೊಡುವಂತೆ ಅಲ್ಲಿನ ಹೋಟೆಲಿನವರಿಗೂ ಬಾಡಿಗೆಗೆ ಮನೆ ಕೊಡುವವರಿಗೂ ಪ್ರಶ್ನಾವಳಿ ಕಳಿಸಿದೆ. ಮಧ್ಯಾಹ್ನದ ಬಿಸಿಲು ಯಾವ ಗೋಡೆಗೆ ಬೀಳುತ್ತದೆ? ಕಾರು ನಿಲ್ಲಿಸಲು ನೆರಳಿದೆಯೇ? ಏಸಿ ಒಂದೊಂದು ಕೋಣೆಗೂ ಇದೆಯೇ, ಇಲ್ಲ ಮನೆಗೆಲ್ಲ ಸೇರಿ ಒಂದೇ ಇದೆಯೇ? ಬಚ್ಚಲಿನಲ್ಲಿ ಬಕೆಟ್ಟು, ಚೊಂಬು ಇವೆಯೇ? ಕಡಲ ತೀರಕ್ಕೆ ಹೋಗುವ ಯಾವ ಮನುಷ್ಯನೂ ಅವರನ್ನು ಇಷ್ಟು ಕೇಳಿರಲಾರ. ಬಕೆಟ್ಟಿನ ಪ್ರಶ್ನೆ ಮಾತ್ರ ಅವರನ್ನು ಬಹಳ ಕಾಡಿರಬೇಕು. ಒಂದು ಹೋಟೆಲಿನವರು, ವೈನ್ ಬಾಟಲಿಯನ್ನು ತಣ್ಣಗಿಡುವ ಐಸಿನ ಬಕೆಟ್ಟು ಇದೆ, ಕೇಳಿದರೆ ಕೋಣೆಗೇ ತಂದುಕೊಡುತ್ತೇವೆ ಎಂದು ಬರೆದರು. ಕಾರ್ಮೆನ್ ಎಂಬ ಅಜ್ಜಿಯೊಬ್ಬರು ಮಾತ್ರ, 'ಮೊಮ್ಮಕ್ಕಳು ಮರಳಿನಲ್ಲಿ ಆಡುವ ಬಕೆಟ್ಟೊಂದಿದೆ, ಕೆಂಪು ಬಣ್ಣದ್ದು, ನಿಮಗೆ ಸಾಕಾಗಬಹುದೇ?' ಎಂದು ವಿನಯದಿಂದ ಕೇಳಿದ್ದರು. ನಾನು ಅವರಿಗೆ ಎರಡು ಅಂಕ ಹೆಚ್ಚಿಗೆ ಕೊಟ್ಟೆ.

ಸುದ್ದಿ ಮೇಲಿನ ಮನೆಗೂ ಹೋಯಿತು. ಅಲ್ಲಿರುವ ಸ್ಟ್ಯಾನಿ ಮತ್ತು ಗ್ರೇಸಿ ಮಂಗಳೂರಿನವರು. ತಮ್ಮ ಚರ್ಚಿನ ತಂಡದೊಂದಿಗೆ ಒಮ್ಮೆ ಮಾಲ್ಟಾಕ್ಕೆ ಹೋಗಿ ಬಂದಿದ್ದರಿಂದ ಆ ದ್ವೀಪವನ್ನು ತಾವೇ ಸಮುದ್ರದಿಂದ ಎತ್ತಿಟ್ಟವರಂತೆ ಸ್ಟ್ಯಾನಿ ಮಾತಾಡುತ್ತಾರೆ. 'ಎಂತ ಮಾರಾಯ್ರೆ ನೀವು, ಹೋಟೆಲ್ ಗೀಟೆಲ್ ಹುಡುಕುದು! ಅಲ್ಲಿ ಸಿಸ್ಟರ್‌ಗಳದ್ದು ಒಂದು ಗೆಸ್ಟ್ ಹೌಸ್ ಉಂಟು. ಭಯಂಕರ ಕ್ಲೀನ್. ರಾತ್ರಿ ಗೇಟು ಸ್ವಲ್ಪ ಬೇಗ ಹಾಕ್ತಾರೆ, ಅಷ್ಟೇ. ಬೆಳಿಗ್ಗೆ ಗಂಟೆ ಹೊಡೀತಾರೆ, ನಿಮಗೆ ಅಲಾರಾಂ ಸಹ ಬೇಡ' ಎಂದರು. ಗ್ರೇಸಿ ಸುಧಾಳ ಕಡೆ ತಿರುಗಿ, 'ಇವರ ಮಾತು ಕೇಳ್ಬೇಡಿ ಆಯ್ತಾ. ಅಲ್ಲಿ ಕಿಟಕಿ ತೆಗೆದ್ರೆ ಕಾಣುದು ಸಮುದ್ರ ಅಲ್ಲ, ಸಿಮೆಟ್ರಿ. ಸತ್ತವರೆಲ್ಲ ಸಮುದ್ರದ ಕಡೆಗೆ ಮುಖ ಮಾಡಿ ಆರಾಮ ಮಲಗಿದ್ದಾರೆ, ನಮಗೆ ಮಾತ್ರ ವ್ಯೂ ಇಲ್ಲ' ಎಂದರು. 'ಅಡುಗೆಮನೆ ಇತ್ತಾ?' ಎಂದು ನಾನು ಮೆಲ್ಲಗೆ ಕೇಳಿದೆ. ಸುಧಾ ನನ್ನನ್ನು ನೋಡಿದಳು. ನಾನು ಚಹಾದ ಕಪ್ಪಿನೊಳಗೆ ನೋಡಿದೆ.

ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಸಾಲಿಂ ಒಮಾನಿಯೇ. ಅಲ್ ಅಮೇರಾತ್‌ನಲ್ಲಿ ಮನೆ, ಹಿಂದಿ ನನಗಿಂತ ಚೆನ್ನಾಗಿ ಬರುತ್ತದೆ. ನನ್ನ ಕಂಪ್ಯೂಟರಿನಲ್ಲಿ ಪಂಪಿನ ಜಾಗದಲ್ಲಿ ಮಂಚ, ಪರದೆ, ಹೂದಾನಿಗಳ ಫೋಟೋ ನೋಡಿ ಅವನಿಗೆ ಗಾಬರಿಯಾಯಿತು. ವಿಷಯ ತಿಳಿದ ಮೇಲೆ, 'ಸಮುದ್ರದ ಪಕ್ಕದಿಂದ ಎದ್ದು ಇನ್ನೊಂದು ಸಮುದ್ರದ ಪಕ್ಕ ಕೂರೋಕೆ ಹೋಗ್ತಿದ್ದೀಯಾ? ಯಾವುದಾದರೂ ಒಂದು ಬುಕ್ ಮಾಡು, ಖಲಾಸ್!' ಎಂದು ನಕ್ಕ. ಈ ಮಾತು ನನಗೆ ಬಹಳ ಹಿಡಿಸಿತು. ಹೌದಲ್ಲ, ನಮ್ಮ ಮನೆಯಿಂದ ಕಡಲು ಕಾರಿನಲ್ಲಿ ಹತ್ತೇ ನಿಮಿಷ. ಅಷ್ಟು ದೂರ ಹೋಗಿ ನೋಡುವಂಥದ್ದು ಏನಿದೆ ಎಂದು ಮನೆಯಲ್ಲಿ ಒಂದು ಮಾತು ಹಾಕಿ ನೋಡೋಣ ಎನಿಸಿತು. ಎಲ್ಲೂ ಹೋಗದಿದ್ದರೆ ಎಲ್ಲಿ ಇಳಿಯುವುದೆಂಬ ಪ್ರಶ್ನೆಯೇ ಇರುವುದಿಲ್ಲ.

ಶುಕ್ರವಾರ ಸಂಜೆ ಎಂದಿನಂತೆ ಕಡಲಿನ ಕಡೆಗೆ ಹೋದೆವು. ಇಲ್ಲಿ ನಾವು ಸಮುದ್ರ ನೋಡುವ ಕ್ರಮವನ್ನು ಸ್ವಲ್ಪ ಹೇಳಬೇಕು. ಕಾರನ್ನು ಅಲೆಗಳ ಕಡೆ ಮುಖ ಮಾಡಿ ನಿಲ್ಲಿಸುವುದು. ಎಂಜಿನ್ ಆರಿಸಬಾರದು, ಏಸಿ ನಿಲ್ಲುತ್ತದೆ. ಹಿಂದಿರುವ ಚಹಾದಂಗಡಿಗೆ ಕೇಳುವಂತೆ ಒಮ್ಮೆ ಹಾರ್ನ್ ಹೊಡೆದರೆ ಏಲಕ್ಕಿಯ ಕಡಕ್ ಚಹಾ ಕಾರಿಗೇ ಬರುತ್ತದೆ. ಕುಡಿದು, ಲೋಟ ಕೊಟ್ಟು, ಸೂರ್ಯ ಮುಳುಗಿದ ಮೇಲೆ ರಿವರ್ಸ್ ತೆಗೆದುಕೊಂಡು ಮನೆಗೆ ಬರುವುದು. ಅಂದೂ ಚಹಾ ಬಂತು. ನಾನು ಒಂದು ಗುಟುಕು ಕುಡಿದು, 'ನೋಡು, ಇಲ್ಲೇ ಎಂಥ ಸಮುದ್ರ ಇದೆ' ಎಂದು ಪೀಠಿಕೆ ಹಾಕಿದೆ.

ಸುಧಾ ತನ್ನ ಲೋಟವನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟಳು. ಆಮೇಲೆ, 'ಈ ಊರಿಗೆ ಬಂದಾಗಿನಿಂದ ಸಮುದ್ರದ ಪಕ್ಕದಲ್ಲೇ ಇದ್ದೀವಿ. ನಾನು ಅದರಲ್ಲಿ ಕಾಲಿಟ್ಟಿದ್ದು ಯಾವಾಗ ಹೇಳಿ ನೋಡೋಣ?' ಎಂದಳು. 'ಇಳಿತೀನಿ ಅಂದ್ರೆ ಸೀಟಿಗೆ ಮರಳಾಗುತ್ತೆ ಅಂತೀರಿ. ಸ್ವಲ್ಪ ಹೊತ್ತು ಇರೋಣ ಅಂದ್ರೆ ನಿಮಗೆ ಹಸಿವಾಗಿರುತ್ತೆ. ಮನೆಗೆ ಹೋಗಿ ಕುಕ್ಕರ್ ಇಡಬೇಕು. ನನಗೂ ಸಮುದ್ರಕ್ಕೂ ಮಧ್ಯೆ ಯಾವಾಗಲೂ ಈ ಗಾಜು ಒಂದಿರುತ್ತೆ ರೀ' ಎಂದು ಕಾರಿನ ಮುಂದಿನ ಗಾಜನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದಳು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಾನೂ ಎರಡು ಮಾತಾಡಿ ಸರಿಮಾಡಿಕೊಳ್ಳುತ್ತಿದ್ದೆ. ನನಗೆ ನಿಜಕ್ಕೂ ಬೇಸರವಾಯಿತು. ಪಾಪ, ಅವಳು ಕೇಳಿದ್ದು ಅರಮನೆಯನ್ನಲ್ಲ. ಒಂದು ವಾರ ಕುಕ್ಕರಿನ ಗೊಡವೆ ಇಲ್ಲದೆ ಸಮುದ್ರ ನೋಡಬೇಕು ಎಂದಷ್ಟೇ. ಈ ಸಲ ಏನೇ ಆಗಲಿ ಅವಳಿಗೆ ಆ ಸಮುದ್ರವನ್ನು ಕೊಡಿಸಲೇಬೇಕು ಎಂದು ಗಟ್ಟಿಮನಸ್ಸು ಮಾಡಿದೆ. ಅಷ್ಟರಲ್ಲಿ ಹಸಿವಾಯಿತು. ಮನೆಗೆ ಬಂದೆವು.

ಮುಂದಿನ ವಾರವೆಲ್ಲ ಹುಡುಕಿದ್ದೇ ಹುಡುಕಿದ್ದು. ವೀಸಾ ಕೇಳಬೇಕಾದರೆ ಎಲ್ಲಿ ಇಳಿಯುತ್ತೇವೆಂದು ತೋರಿಸಲೇಬೇಕಾದ್ದರಿಂದ ಹೆಚ್ಚು ಸಮಯವೂ ಇರಲಿಲ್ಲ. ಮೊದಲನೆಯದು ಹೋಟೆಲು. ಸಮುದ್ರ ಕಾಣುತ್ತದೆ, ಒಲೆಯಿಲ್ಲ, ನನಗೆ ಕಷ್ಟ. ಎರಡನೆಯದು ಊರೊಳಗಿನ ಮನೆ. ಒಲೆಯಿದೆ, ಸಮುದ್ರವಿಲ್ಲ, ಅವಳಿಗೆ ಕೊಟ್ಟ ಮಾತು ತಪ್ಪುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಹುಡುಕುತ್ತ ಹುಡುಕುತ್ತ ಕಾರ್ಮೆನ್ ಅಜ್ಜಿಯ ಮನೆಗೆ ಬಂದೆ. ಸಣ್ಣ ಕೊಲ್ಲಿಯ ದಂಡೆಯಲ್ಲೇ ಇರುವ, ಜೇನುಬಣ್ಣದ ಕಲ್ಲಿನ ಮನೆಯ ಮೊದಲ ಮಹಡಿ. ಅವರು ಕಳಿಸಿದ್ದ ಫೋಟೋಗಳನ್ನು ಒಂದೊಂದಾಗಿ ನೋಡುತ್ತ ಹೋದೆ. ಕೊನೆಯ ಫೋಟೋ ನೋಡಿ ಕುರ್ಚಿಯಿಂದ ಎದ್ದುಬಿಟ್ಟೆ. ಪಾತ್ರೆ ತೊಳೆಯುವ ಸಿಂಕು, ಅದರ ಪಕ್ಕದಲ್ಲಿ ಒಲೆ, ಮೇಲೊಂದು ದೊಡ್ಡ ಕಿಟಕಿ. ಕಿಟಕಿಯ ತುಂಬ ನೀಲಿ ಸಮುದ್ರ!

ಎಂಥ ಪಂಪು ಆರಿಸಿದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ಸಮುದ್ರವೂ ಉಂಟು, ಸಾರೂ ಉಂಟು. ಊಟವಾದ ಮೇಲೆ ಹೆಂಡತಿ ಮಗಳನ್ನು ಸೋಫಾದಲ್ಲಿ ಕೂರಿಸಿ, ಆಫೀಸಿನಲ್ಲಿ ಮಾಡುವಂತೆ ಕಾರಣಗಳನ್ನೆಲ್ಲ ಒಂದೊಂದಾಗಿ ವಿವರಿಸಿ, ಉಳಿದೆರಡು ಏಕೆ ಬಿದ್ದುಹೋದವು ಎಂದು ಹೇಳಿ, ಅಜ್ಜಿಯ ಮನೆಯ ಉಳಿದ ಫೋಟೋಗಳನ್ನು ತೋರಿಸಿ, ಕೊನೆಯಲ್ಲಿ ಆ ಫೋಟೋವನ್ನು ಟೀವಿಯ ಮೇಲೆ ದೊಡ್ಡದಾಗಿ ಹಾಕಿದೆ. 'ನೋಡು ಸುಧಾ, ಇಡೀ ದ್ವೀಪದಲ್ಲಿ ಇದಕ್ಕಿಂತ ಒಳ್ಳೆಯ ಸಮುದ್ರ ಸಿಗಲ್ಲ. ಅಡುಗೆಮನೇಲಿ ನಿಂತಿದ್ರೂ ಸಮುದ್ರದ ದಂಡೇಲಿ ನಿಂತ ಹಾಗೆ!'

ಮಗಳು ಫೋನಿನಿಂದ ತಲೆಯೆತ್ತಿದಳು. ಅವಳು ಫೋನಿನಿಂದ ತಲೆಯೆತ್ತಿದಳೆಂದರೆ ಮನೆಯಲ್ಲಿ ಏನೋ ಅನಾಹುತವಾಗಿದೆ ಎಂದೇ ಅರ್ಥ. 'ಪಪ್ಪಾ, ಯು ಆರ್ ಸೋ ಫಿನಿಶ್ಡ್' ಎಂದಳು. ಸುಧಾ ಫೋಟೋವನ್ನು ಬಹಳ ಹೊತ್ತು ನೋಡಿದಳು. ಹೋಮ್‌ವರ್ಕಿನಲ್ಲಿ ತಪ್ಪು ಎಲ್ಲಿದೆ ಎಂದು ಗೊತ್ತಾದ ಮೇಲೂ ಹುಡುಗನೇ ಹೇಳಲಿ ಎಂದು ಕಾಯುವ ಟೀಚರಿನ ನೋಟ ಅದು. ಕೊನೆಗೆ, 'ತುಂಬಾ ಚೆನ್ನಾಗಿದೆ. ಆ ಕಿಟಕಿ ಮುಂದೆ ನಿಲ್ಲೋದು ಯಾರು?' ಎಂದು ಕೇಳಿದಳು.

ಟೆಂಡರಿನಲ್ಲಿ ಇಂಥ ಪ್ರಶ್ನೆಗಳನ್ನು ನಾನೇ ಕೇಳುತ್ತೇನೆ, ಉತ್ತರಿಸಿ ಅಭ್ಯಾಸವಿಲ್ಲ. ಬಿಸಿಲಿನ ದಿಕ್ಕು ಕೇಳಿದವನು, ಬಕೆಟ್ಟು ಕೇಳಿದವನು, ಈ ಒಂದನ್ನು ಮಾತ್ರ ಯಾರನ್ನೂ ಕೇಳಿರಲಿಲ್ಲ. 'ಬೇಡ ಅಂದ್ರೆ ಹೋಟೆಲೇ ಮಾಡ್ತೀನಿ ಬಿಡು' ಎಂದು ತೊದಲಿದೆ. 'ಬೇಡ ಬೇಡ, ಇದೇ ಇರಲಿ' ಎಂದಳು ಸುಧಾ, ನನಗೆ ಹೆದರಿಕೆಯಾಗುವಷ್ಟು ಶಾಂತವಾಗಿ. 'ಮಲಗೋ ಕೋಣೆ ಕಿಟಕಿಯಿಂದಲೂ ಸಮುದ್ರ ಕಾಣುತ್ತೆ, ಫೋಟೋದಲ್ಲಿ ನೋಡಿದೆ. ನನಗೆ ಆ ಕಿಟಕಿ ಸಾಕು. ನಿಮಗೆ ಸಾರು ಬೇಕು ತಾನೆ? ಇಡೀ ದ್ವೀಪದಲ್ಲೇ ಒಳ್ಳೆಯ ಕಿಟಕಿ ಅದು, ನೀವೇ ನಿಂತ್ಕೊಳಿ. ನಾನು ಆ ಅಡುಗೆಮನೆ ಹೊಸ್ತಿಲು ತುಳಿಯಲ್ಲ.' ಸಾರಿನ ಪುಡಿಯ ಡಬ್ಬಿಯನ್ನು ಅವಳೇ ತಂದು ನನ್ನ ಕೈಗಿಟ್ಟಳು. 'ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ಅದೇ' ಎಂದು ನಗುತ್ತ ಮಲಗಲು ಹೋದಳು.

ಮಾಲ್ಟಾದ ವರ್ಣನೆಯನ್ನು ನನ್ನಿಂದ ನಿರೀಕ್ಷಿಸಬೇಡಿ. ಕಾರ್ಮೆನ್ ಅಜ್ಜಿ ಬಾಗಿಲಿನಲ್ಲೇ ಕಾದಿದ್ದರು. ಬಚ್ಚಲಿನಲ್ಲಿ ಕೋಟೆಯ ಬುರುಜಿನ ಆಕಾರದ ಕೆಂಪು ಬಕೆಟ್ಟು ತೊಳೆದು ಇಡಲಾಗಿತ್ತು. ಅದರಲ್ಲಿ ಹಿಡಿಸುತ್ತಿದ್ದುದು ಮೂರು ಚೊಂಬು ನೀರು. ಎರಡು ದಿನ ಎಲ್ಲರ ಜೊತೆ ಹೊರಗೆ ತಿಂದೆ. ನನ್ನ ಹೊಟ್ಟೆ ವಾಡಿಕೆ ತಪ್ಪಲಿಲ್ಲ. ಮೂರನೇ ದಿನ ಬೆಳಗ್ಗೆ ಒಲೆಯ ಮುಂದೆ ನಿಂತೆ. ಅಲ್ಲಿನದು ಬೆಂಕಿ ಕಾಣದ ಕರೆಂಟಿನ ಒಲೆ. ಹೊತ್ತಿದೆಯೋ ಇಲ್ಲವೋ ಎಂದು ಬೆರಳಿಟ್ಟು ನೋಡಿದೆ, ಹೊತ್ತಿತ್ತು. ಅಕ್ಕಿಗೆ ನೀರೆಷ್ಟು ಎಂದು ಕೂಗಿ ಕೇಳಿದೆ. 'ಮೂರು ಕೊಟೇಶನ್ ತರಿಸಿ' ಎಂದು ಕೆಳಗಿನ ದಂಡೆಯಿಂದ ಉತ್ತರ ಬಂತು.

ಸುಧಾ ಅಲ್ಲಿದ್ದಳು. ಸಲ್ವಾರನ್ನು ಮೊಣಕಾಲಿನವರೆಗೆ ಮಡಚಿಕೊಂಡು, ಚಪ್ಪಲಿಯನ್ನು ಬಂಡೆಯ ಮೇಲೆ ಬಿಟ್ಟು, ನೀರಿನಲ್ಲಿ ನಿಂತಿದ್ದಳು. ಬೆನ್ನು ಮನೆಯ ಕಡೆಗೆ, ಮುಖ ಸಮುದ್ರದ ಕಡೆಗೆ. ಅಲೆಯೊಂದು ಬಂದು ಕಾಲಿಗೆ ತಾಗಿದಾಗ ಸಣ್ಣ ಹುಡುಗಿಯಂತೆ ಎರಡು ಹೆಜ್ಜೆ ಹಿಂದೆ ಹಾರಿ, ಮತ್ತೆ ಮುಂದೆ ಹೋದಳು. ಅವಳನ್ನು ಹಾಗೆ ನೋಡಿ ಎಷ್ಟು ವರ್ಷವಾಗಿತ್ತೋ. ನನಗೆ ಬಹಳ ಹಿತವೆನಿಸಿತು. ಇನ್ನೂ ಸ್ವಲ್ಪ ನೋಡೋಣ ಎಂದು ಕಿಟಕಿಗೆ ಬಾಗಿದೆ. ಪಕ್ಕದ ಒಲೆಯಿಂದ ಒಗ್ಗರಣೆ ಸೀಯುವ ವಾಸನೆ ಬಂತು. ಕೆಳಗಿಳಿಸಿದೆ. ಮತ್ತೆ ಕಿಟಕಿಗೆ ತಿರುಗುವಷ್ಟರಲ್ಲಿ ಅನ್ನ ತಳ ಹಿಡಿದಿತ್ತು. ಅದನ್ನು ಕೆರೆದು ತೆಗೆಯುವಷ್ಟರಲ್ಲಿ ಸಾರು ಉಕ್ಕಿತು. ಊಟಕ್ಕೆ ಬಂದ ಸುಧಾ ಒಂದು ತುತ್ತು ಬಾಯಿಗಿಟ್ಟು, 'ಉಪ್ಪು ಸ್ವಲ್ಪ ಮುಂದಾಯ್ತು. ಸಮುದ್ರ ನೋಡ್ತಾ ಹಾಕಿದ್ರಾ?' ಎಂದಳು. ಎರಡನೇ ಸಲವೂ ಬಡಿಸಿಕೊಂಡಳು. ಆಮೇಲೆ ಪಾತ್ರೆಗಳನ್ನೆಲ್ಲ ಸಿಂಕಿಗೆ ಹಾಕಿ, ಒಳ್ಳೆಯ ಕಿಟಕಿಯನ್ನು ನನಗೇ ಬಿಟ್ಟು, ಮತ್ತೆ ನೀರಿಗೆ ಹೊರಟಳು.

ವಾರವೆಲ್ಲ ಹೀಗೇ ನಡೆಯಿತು. ಮಸ್ಕತ್ತಿಗೆ ವಾಪಸು ಬಂದ ಮೇಲೆ ನಮ್ಮ ಮನೆಗೆ ಬಂದ ಗ್ರೇಸಿಯವರ ಎದುರು ಸುಧಾ ಸಮುದ್ರದ ಬಣ್ಣ ಬೆಳಗ್ಗೆ ಹೇಗಿರುತ್ತದೆ, ಮಧ್ಯಾಹ್ನ ಹೇಗೆ ಬದಲಾಗುತ್ತದೆ, ಸಂಜೆ ಬಂಡೆಗಳ ನೆರಳು ಎಲ್ಲಿಯವರೆಗೆ ಬರುತ್ತದೆ ಎಂದೆಲ್ಲ ಹೇಳುತ್ತಿದ್ದರೆ ನಾನೂ ಬಾಯಿ ತೆರೆದು ಕೇಳಿದೆ. ನನಗೆ ಅದೆಲ್ಲ ಹೊಸ ವಿಷಯ. ಈಗ ಶುಕ್ರವಾರ ಸಂಜೆ ಇಲ್ಲಿಯೂ ಅವಳು ಕಾರಿನಿಂದ ಇಳಿದು ನೀರಿನವರೆಗೆ ನಡೆದು ಹೋಗುತ್ತಾಳೆ. ಸೀಟಿಗಾದ ಮರಳನ್ನು ಶನಿವಾರ ಬೆಳಗ್ಗೆ ನಾನು ಕೊಡವುತ್ತೇನೆ. ರಜೆ ಮುಗಿದು ಆಫೀಸಿಗೆ ಹೋದ ಮೊದಲ ದಿನವೇ ಸಾಲಿಂ ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿ, 'ಯಲ್ಲಾ, ಹೇಳು. ನಮ್ಮ ಸಮುದ್ರ ಬಿಟ್ಟು ಅಷ್ಟು ದೂರ ಹೋದೆಯಲ್ಲ, ಮಾಲ್ಟಾ ಹೇಗಿತ್ತು?' ಎಂದು ಕೇಳಿದ. ನಾನು ಸುಟ್ಟ ಬೆರಳಿನ ಬೊಬ್ಬೆಯನ್ನು ಸವರಿಕೊಳ್ಳುತ್ತ ಬಹಳ ಯೋಚಿಸಿದೆ. ಸುಳ್ಳು ಹೇಳುವ ಮನಸ್ಸಾಗಲಿಲ್ಲ.

'ಒಲೆ ಚೆನ್ನಾಗಿತ್ತು' ಎಂದೆ.